ಮನೆ ತಣ್ಣಗಿದೆ, ನಾನೇ ಬೆವರುತ್ತಿದ್ದೇನೆ

ಪರಿಸರಸ್ನೇಹಿ ಮನೆಯಲ್ಲಿ ಯಂತ್ರಗಳು ಕಡಿಮೆ. ಯಂತ್ರ ಮಾಡಬೇಕಾದ ಕೆಲಸವನ್ನೆಲ್ಲ ಮನೆ ಯಜಮಾನ ಮಾಡುತ್ತಾನೆ. ಈ ಸಂಗತಿ ಆರ್ಕಿಟೆಕ್ಟ್ ಕೊಡುವ ನಕ್ಷೆಯಲ್ಲಿ ಇರುವುದಿಲ್ಲ. ಅಲ್ಲಿ ತಂಗಾಳಿ ಒಳಗೆ ಬರುವುದಕ್ಕೊಂದು ನೀಲಿ ಬಾಣ, ಬಿಸಿಗಾಳಿ ಹೊರಗೆ ಹೋಗುವುದಕ್ಕೊಂದು ಕೆಂಪು ಬಾಣ ಇರುತ್ತದೆ. ಆ ಎರಡು ಬಾಣಗಳ ನಡುವೆ ಕಿಟಕಿ ತೆಗೆಯುತ್ತ ಮುಚ್ಚುತ್ತ ಓಡಾಡುವ, ಲುಂಗಿ ಉಟ್ಟ ಮನುಷ್ಯನನ್ನು ಯಾರೂ ಬರೆದಿರುವುದಿಲ್ಲ.

ಬೆಂಗಳೂರಿನ ಅಂಚಿನಲ್ಲಿ ಒಂದು 30x40 ಸೈಟು ತೆಗೆದುಕೊಂಡು, ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸುತ್ತೇನೆಂದು ಹೊರಟಾಗ ಮೊದಲು ನಕ್ಕವಳು ಅವ್ವ. ಗದಗದ ಕಡೆಯ ನಮ್ಮೂರ ಮನೆ ಮಣ್ಣಿನದೇ. ದಪ್ಪ ಗೋಡೆ, ಜಂತಿ ಹಾಕಿದ ಮಾಳಿಗೆ, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಮುಂಗಾರಿಗೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲ ಸೋರುವ ಕಡೆಗೆ ಹೋಗಿ ಕೂರುತ್ತವೆ. ಅಪ್ಪ ಕಡೆಯವರೆಗೂ ‘ಬರೋ ವರ್ಷ ಆರ್‌ಸಿಸಿ’ ಅನ್ನುತ್ತಲೇ ಹೋದ.

“ನಿಮ್ಮಪ್ಪ ರೊಕ್ಕ ಇಲ್ಲಂತ ಮಣ್ಣಿನ ಮನ್ಯಾಗ ಇದ್ದ. ನೀ ಬ್ಯಾಂಕಿನ್ಯಾಗ ಸಾಲಾ ಮಾಡಿ ಮಣ್ಣಿನ ಮನಿ ಕಟ್ಟಸ್ತಿ. ನಿನ್ನ ಓದಿಸಿದ್ದು ಜಾಸ್ತಿ ಆತು ನೋಡು” ಅಂದಳು.

ನಾನು ಸುಮ್ಮನಿರುವ ಪೈಕಿ ಅಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರಿಗೆಲ್ಲ ಗೊತ್ತಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದ್ದು, ಅಲ್ಲಿ ಕೆ.ಎಸ್. ಜಗದೀಶ್ ಮತ್ತವರ ಜೊತೆಯವರು ಮಣ್ಣನ್ನು ಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡುವುದನ್ನು ಹದಕ್ಕೆ ತಂದದ್ದು, ಎಲ್ಲ ಹೇಳಿದೆ. ಸಿಮೆಂಟಿನ ಕತೆಯನ್ನೂ ಬಿಡಲಿಲ್ಲ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿವರೆಗೆ ಕಾಯಿಸಬೇಕು, ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಕಲ್ಲೇ ಬಿಟ್ಟುಕೊಡುವ ಅನಿಲ ಇನ್ನೊಂದು ಕಡೆ, ಹೀಗೆ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 8 ಸಿಮೆಂಟಿನದೇ ಎಂದೆ. ನಮ್ಮ ಇಟ್ಟಿಗೆಗೆ ಶೇ. 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಒತ್ತಿ, ಮೂರು ವಾರ ನೀರುಣಿಸಿದರೆ ಸಾಕು, ಗೂಡು ಹಚ್ಚುವ ಹಾಗೇ ಇಲ್ಲ ಎಂದು ಮುಗಿಸಿದೆ.

ಅವ್ವ ಎಲ್ಲವನ್ನೂ ಕೇಳಿ, “ಅಂದ್ರ ಇದರಾಗೂ ಸಿಮೆಂಟ್ ಐತಿ ಅಲಾ?” ಅಂದಳು.

ಗೃಹಪ್ರವೇಶಕ್ಕೆ ಬಂದವರದು ಬೇರೆ ಚಿಂತೆ. ಗಿಲಾವು ಇಲ್ಲದ, ಬಣ್ಣ ಬಳಿಯದ ಇಟ್ಟಿಗೆ ಗೋಡೆಯನ್ನು ನೋಡಿ, “ಪ್ಲಾಸ್ಟರಿಂಗ್ ಯಾವಾಗ?” ಎಂದು ಕೇಳದವರಿಲ್ಲ. ಇಷ್ಟೇ ಅಂದಾಗ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ. ಊಟ ಮುಗಿಸಿ ಹೋಗುವಾಗ ಹೆಂಡತಿಯ ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ನೋಡಪ್ಪ, ಕಷ್ಟ ಎಲ್ಲರಿಗೂ ಬರುತ್ತೆ” ಎಂದು ಕೈಯಲ್ಲಿ ಇನ್ನೊಂದು ಕವರು ಇಟ್ಟರು. ಅವತ್ತು ಬಂದ ಮುಯ್ಯಿಯ ಮೊತ್ತ ನೋಡಿದರೆ, ಬರಿಯ ಗೋಡೆ ಬಿಟ್ಟದ್ದರಿಂದ ಗಿಲಾವಿನ ಖರ್ಚು ಉಳಿದದ್ದಲ್ಲದೆ ಬೇರೆ ಲಾಭವೂ ಆಗಿದೆ.

ಚಾವಣಿಯದು ಇನ್ನೊಂದು ರಗಳೆ. ನಮ್ಮದು ಫಿಲ್ಲರ್ ಸ್ಲ್ಯಾಬ್. ಅಂದರೆ ಸ್ಲ್ಯಾಬಿನ ಕೆಳಭಾಗದಲ್ಲಿ, ಕಂಬಿಗಳ ನಡುವಿನ ಚೌಕಗಳಲ್ಲಿ ಮಂಗಳೂರು ಹೆಂಚು ಜೋಡಿಸಿ ಅದರ ಮೇಲೆ ಕಾಂಕ್ರೀಟು ಹಾಕಿದ್ದಾರೆ. ಬಂದ ನೆಂಟರು ತಲೆ ಎತ್ತಿ ನೋಡಿ, ಹೆಂಚನ್ನು ಮೇಲೆ ಹೊದಿಸುವುದು ಬಿಟ್ಟು ಒಳಗಡೆ ಯಾಕೆ ಅಂಟಿಸಿದ್ದಾರೆಂದು ಕೇಳುತ್ತಾರೆ. ಇದನ್ನು ಎಂಜಿನಿಯರ್ ನಮಗೆ ಚೆನ್ನಾಗಿಯೇ ವಿವರಿಸಿದ್ದ. ಸ್ಲ್ಯಾಬಿನ ಮೇಲರ್ಧದ ಕಾಂಕ್ರೀಟು ಒತ್ತಡ ತಡೆಯುತ್ತದೆ, ಕೆಳಗಿನ ಎಳೆತವನ್ನು ಕಂಬಿ ತಾಳಿಕೊಳ್ಳುತ್ತದೆ, ಕೆಳಭಾಗದ ಕಾಂಕ್ರೀಟಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. “ಸುಮ್ನೆ ಭಾರ ಸಾರ್, ಮನೆಗೆ ಅದರಿಂದ ಏನೂ ಉಪಯೋಗ ಇಲ್ಲ. ತೆಗೆದು ಬೇರೆ ಏನಾದ್ರೂ ಇಟ್ರೂ ನಡೆಯುತ್ತೆ” ಅಂದ. ಹೆಂಡತಿ ಸ್ಲ್ಯಾಬನ್ನು ಬಿಟ್ಟು ನನ್ನ ಕಡೆ ನೋಡಿದಳು. ತಾಂತ್ರಿಕ ವಿಷಯ ಅವಳಿಗೆ ಅಷ್ಟು ಬೇಗ ಅರ್ಥವಾದದ್ದು ಅದೇ ಮೊದಲು.

ಇನ್ನು ಕಿಟಕಿ. ಮಣ್ಣಿನ ಗೋಡೆ ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಕಿಟಕಿ ಮುಚ್ಚಬೇಕು, ಸಂಜೆ ಹೊರಗೆ ತಣ್ಣಗಾದ ಮೇಲೆ ತೆಗೆದು, ರಾತ್ರಿಯಿಡೀ ಗೋಡೆಯ ಕಾವು ಇಳಿಯಲು ಬಿಡಬೇಕು. ಕಾಗದದ ಮೇಲೆ ಇದಕ್ಕಿಂತ ಸುಲಭದ್ದು ಯಾವುದಿದೆ?

“ರೀ, ದೀಪ ಹಚ್ಚೋ ಹೊತ್ತಿಗೆ ಕಿಟಕಿ ತೆಗೆದ್ರೆ ಲಕ್ಷ್ಮಿ ಬರ್ತಾಳೆ ಅಂತಾರೆ. ನಮ್ಮನೆಗೆ ಬರ್ತಿರೋದು ಬರೀ ಸೊಳ್ಳೆ.”

ಸೊಳ್ಳೆ ಪರದೆ ಹೊಡೆಸಿದೆ, ಗಾಳಿ ಅರ್ಧವಾಯಿತು. ಮೆಟ್ಟಿಲ ಬದಿಯ ಗೋಡೆಗೆ ಇಟ್ಟಿಗೆಯಲ್ಲೇ ಜಾಲಿ ಬಿಡಿಸಿದ್ದೇವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ಬದುಕು ಮುಗಿಸಿದ ಲಾರಿ ಬೇಕರ್, ಕಿಟಕಿಯ ಖರ್ಚು ಉಳಿಸಿ ಬೆಳಕು, ಗಾಳಿ ಎರಡನ್ನೂ ಒಳಗೆ ಬಿಟ್ಟುಕೊಳ್ಳಲು ಕೇರಳದ ತುಂಬ ಇಂಥ ಜಾಲಿ ಗೋಡೆ ಕಟ್ಟಿದವರು. ಅವರ ಮಾತು ಸುಳ್ಳಲ್ಲ, ಗಾಳಿ ಬರುತ್ತದೆ. ಗಾಳಿಯ ಜೊತೆ ಮಾತೂ ಹೋಗುತ್ತದೆ. ಸಾರಿನ ಉಪ್ಪಿನ ವಿಚಾರಕ್ಕೆ ನಮ್ಮಿಬ್ಬರಿಗೆ ರಾತ್ರಿ ಮಾತಿಗೆ ಮಾತು ಬೆಳೆದರೆ, ಬೆಳಿಗ್ಗೆ ಪಕ್ಕದ ಮನೆಯಾಕೆ ರಂಗೋಲಿ ಬಿಡುತ್ತ, “ಆಲೂಗಡ್ಡೆ ಹಾಕಿ ಕುದಿಸ್ಬೇಕಿತ್ತು ಕಣ್ರೀ” ಎಂದು ಸಲಹೆ ಕೊಡುತ್ತಾರೆ. ಬಿಸಿಗಾಳಿ ಮೇಲಕ್ಕೇರಿ ಮೆಟ್ಟಿಲ ತುದಿಯ ಗವಾಕ್ಷಿಯಿಂದ ಹೊರಹೋಗುವ ಏರ್ಪಾಟೂ ಇದೆ. ಮೆಣಸಿನಕಾಯಿ ಒಗ್ಗರಣೆಯ ಘಾಟು ಅದೇ ದಾರಿ ಹಿಡಿದು ಮಹಡಿಯ ಕೋಣೆಗಳನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ. ಕೆಮ್ಮಿನ ಮಧ್ಯೆಯೂ ನಾನು, “ನೋಡು, ಗಾಳಿ ಎಷ್ಟು ಚೆನ್ನಾಗಿ ಎಳೀತಿದೆ!” ಅನ್ನುತ್ತೇನೆ.

ಆರ್ಕಿಟೆಕ್ಟ್ ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳಿದ್ದ. ಪಶ್ಚಿಮದ ಬಿಸಿಲು ಕೆಟ್ಟದ್ದು, ಆ ಕಡೆ ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ ಇರಲಿ ಎಂದು. ನಮ್ಮ ಮಾವನವರು ಅಷ್ಟೇ ಗಟ್ಟಿಯಾಗಿ, ಯಜಮಾನ ಮಲಗುವುದು ನೈಋತ್ಯದಲ್ಲೇ ಎಂದರು. ಸಾಲದ ಅರ್ಜಿಗೆ ಜಾಮೀನು ಹಾಕಿದ್ದು ಮಾವ, ಆರ್ಕಿಟೆಕ್ಟ್ ಅಲ್ಲ. ಹೀಗಾಗಿ ಸಂಜೆ ನಾಲ್ಕರ ಬಿಸಿಲನ್ನು ನೈಋತ್ಯದ ಗೋಡೆ ನಿಧಾನವಾಗಿ ಹೀರಿಕೊಂಡು, ನಾನು ಹಾಸಿಗೆಗೆ ಬೆನ್ನು ಕೊಡುವ ಹೊತ್ತಿಗೆ ಸರಿಯಾಗಿ ಒಳಗೆ ಬಿಡುತ್ತದೆ. ಬೀದಿಯಲ್ಲೇ ತಂಪಾದ ಮನೆ ನಮ್ಮದು, ಆ ಮನೆಯಲ್ಲೇ ಬಿಸಿಯಾದ ಕೋಣೆ ನನ್ನದು. ಎಸಿ ಹಾಕಿಸೋಣವೆಂದರೆ ಅದರ ಡಬ್ಬಿ ಹೊರಗಿನ ಗೋಡೆಗೆ ನೇತಾಡಬೇಕು. ಇಡೀ ಬಡಾವಣೆಗೆ ಪರಿಸರದ ಪಾಠ ಹೇಳಿದವನು ಆಮೇಲೆ ಹಾಲು ತರಲು ಯಾವ ಮುಖ ಇಟ್ಟುಕೊಂಡು ಹೋಗುವುದು?

ಅವ್ವನದು ಉತ್ತರದ ಕೋಣೆ. 2024ರ ಏಪ್ರಿಲ್ ಕೊನೆಗೆ ಬೆಂಗಳೂರು 38 ಡಿಗ್ರಿ ದಾಟಿದಾಗಲೂ ಅವಳು ಮಧ್ಯಾಹ್ನ ಸೆರಗು ಹೊದ್ದು ಮಲಗಿದ್ದಳು. ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ ಮಾಡುವ ಕಿಟಕಿ ಕೆಲಸವನ್ನು ಅವಳು ಬಿಸಿಲಿನ ನೆರಳು ನೋಡಿಯೇ ಮಾಡುತ್ತಾಳೆ. ನನಗಿಂತ ಅರ್ಧ ಗಂಟೆ ಮೊದಲೇ.

ಮಳೆನೀರಿನ ವಿಷಯಕ್ಕೆ ಬರುತ್ತೇನೆ. 30x40 ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಕೊಯ್ಲು ಕಡ್ಡಾಯ ಎಂದು ಬೆಂಗಳೂರಿನಲ್ಲಿ 2009ರಲ್ಲೇ ಕಾನೂನು ಬಂತು. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ಜಲಮಂಡಳಿಯ ನಲ್ಲಿಯನ್ನೇ ಹಾಕಿಸಿಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದವರು. ಅವರ ಹೆಸರು ಹೇಳಿದಾಗಲೆಲ್ಲ ನನ್ನ ಹೆಂಡತಿ, “ಅವರು ವಿಜ್ಞಾನಿ ರೀ. ನೀವು ಅಕೌಂಟ್ಸ್ ಸೆಕ್ಷನ್ನು” ಅನ್ನುತ್ತಾಳೆ. ಅಕೌಂಟ್ಸ್ ಸೆಕ್ಷನ್ನಿನವನಾದ್ದರಿಂದಲೇ ಲೆಕ್ಕ ಹಾಕಿದೆ. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ, ಸಾವಿರ ಚದರ ಅಡಿ ತಾರಸಿ, ಹತ್ತಿರ ಹತ್ತಿರ 90 ಸಾವಿರ ಲೀಟರ್ ನೀರು. ಪುಕ್ಕಟೆ!

ಆದರೆ ಮೊದಲ ಮಳೆಯ ಮೊದಲ ನೀರು ಸಂಪಿಗೆ ಇಳಿಯಬಾರದು. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ಹೆಂಡತಿ ಒಣಹಾಕಿದ ಸಂಡಿಗೆಯ ಚೂರು, ಎಲ್ಲ ತೊಳೆದುಕೊಂಡು ಬರುವ ಆ ನೀರನ್ನು ಹೊರಗೆ ಬಿಟ್ಟು, ಆಮೇಲಿನದ್ದನ್ನು ಒಳಗೆ ತಿರುಗಿಸಬೇಕು. ತಾನಾಗಿಯೇ ಈ ಕೆಲಸ ಮಾಡುವ ಫಿಲ್ಟರು ಸಿಗುತ್ತದೆ. ನಾನು ಕೈಯಲ್ಲಿ ತಿರುಗಿಸುವ ವಾಲ್ವ್ ಹಾಕಿಸಿದೆ. ಸರಳ ಜೀವನ.

ಭರಣಿ ಮಳೆಗೆ ಆಫೀಸಿನ ವೇಳೆ ಗೊತ್ತಿಲ್ಲ. ಅದು ರಾತ್ರಿ ಎರಡಕ್ಕೆ ಗುಡುಗಿಕೊಂಡು ಬಂತು. ಲುಂಗಿ ಎತ್ತಿಕಟ್ಟಿ, ಒಂದು ಕೈಯಲ್ಲಿ ಛತ್ರಿ, ಹಲ್ಲಿನ ನಡುವೆ ಟಾರ್ಚು ಕಚ್ಚಿಕೊಂಡು ತಾರಸಿಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಪಕ್ಕದ ತಾರಸಿಯಿಂದ ಬೆಳಕು ಮುಖಕ್ಕೆ ಬಿತ್ತು. “ಯಾರದು?” ಎಂಬ ಕೂಗು. ಟಾರ್ಚು ತೆಗೆದು, “ನಾನೇ ಸಾರ್! ಫಸ್ಟ್ ಫ್ಲಶ್ ಮಾಡ್ತಿದ್ದೀನಿ!” ಎಂದು ಗುಡುಗಿಗಿಂತ ಜೋರಾಗಿ ಕೂಗಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳದೆ ನಿಂತು, “ಕೆಳಗಡೆ ಟಾಯ್ಲೆಟ್ ಕೆಟ್ಟಿದ್ರೆ ನಮ್ಮನೆಗೆ ಬನ್ನಿ ಸಾರ್, ಸಂಕೋಚ ಬೇಡ” ಅಂದರು.

ಆ 2024ರ ಬೇಸಿಗೆಯಲ್ಲಿ ಮಳೆಯೇ ಕೈಕೊಟ್ಟಾಗ ನನ್ನ ಲೆಕ್ಕದ 90 ಸಾವಿರ ಲೀಟರೂ ಕಾಗದದಲ್ಲೇ ಉಳಿಯಿತು. ಪಕ್ಕದ ಮನೆಗೆ ಬರುವ ಟ್ಯಾಂಕರೇ ನಮ್ಮನೆಗೂ ಬಂತು. ಆದರೂ ಹೇಳುತ್ತೇನೆ, ಒಳ್ಳೆ ಮಳೆಯ ವರ್ಷದಲ್ಲಿ ತಿಂಗಳುಗಟ್ಟಲೆ ನಮಗೆ ಹೊರಗಿನ ನೀರು ಬೇಕಾಗುವುದಿಲ್ಲ. ಹಗಲು ಹೊತ್ತು ನಡುಮನೆಯಲ್ಲಿ ಫ್ಯಾನ್ ಹಾಕುವುದು ಅಪರೂಪ. ಅವ್ವನ ತೀರ್ಪೂ ಬಂದಿದೆ: “ಊರ ಮನಿ ಹಂಗ ತಣ್ಣಗೈತಿ. ಸೋರೂದಿಲ್ಲ, ಅದೊಂದು ಚಲೋ ಆತು.”

ಇಂಥ ಮನೆ ಕಟ್ಟಿಸುವ ಮನಸ್ಸಿದ್ದವರು ಧಾರಾಳವಾಗಿ ಕಟ್ಟಿಸಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬೆಂಗಳೂರಿನ ಕೆಂಪು ಮಣ್ಣು ಇಟ್ಟಿಗೆಗೆ ಒಗ್ಗುತ್ತದೆ, ನಮ್ಮ ಕಡೆಯ ಎರೆ ಮಣ್ಣು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಸಜ್ಜಾ ಉದ್ದಕ್ಕೇ ಚಾಚಿಸಿ, ಗೋಡೆಗೆ ಮಳೆ ರಾಚಬಾರದು. ಫಿಲ್ಟರು ಮಾತ್ರ ತಾನಾಗಿ ಕೆಲಸ ಮಾಡುವಂಥದ್ದನ್ನೇ ಹಾಕಿಸಿ. ನಮ್ಮ ಮನೆ ನೋಡಬೇಕೆನ್ನುವವರು ಯಾವ ಭಾನುವಾರವಾದರೂ ಬನ್ನಿ, ಬೆಳಿಗ್ಗೆ ಹತ್ತರೊಳಗೆ. ಆಮೇಲೆ ಬಂದರೆ ಬಾಗಿಲು ತೆಗೆಯುವುದಿಲ್ಲ, ಬಿಸಿಗಾಳಿ ಒಳಗೆ ಬರುತ್ತದೆ.