ಹಾರ್ಲಿಕ್ಸ್ ಬಾಟಲಿಯ ರಾಯರು

ದೆಹಲಿಯಲ್ಲಿ ಇಂಥವರೊಬ್ಬರು ಇಲ್ಲದ ಕನ್ನಡ ಬಳಗವಿಲ್ಲ. ಕೇಂದ್ರ ಸರ್ಕಾರದ ಯಾವುದೋ ಸಚಿವಾಲಯದಲ್ಲಿ ಫೈಲು ತಿರುವಿ ನಿವೃತ್ತರಾಗಿ, ದ್ವಾರಕಾದ ಸೊಸೈಟಿಯೊಂದರಲ್ಲಿ ನೆಲೆ ನಿಂತವರು. ರಾಯರು ಎಂದಿಟ್ಟುಕೊಳ್ಳಿ. ಮೈಸೂರು ಬಿಟ್ಟು ನಲವತ್ತು ವರ್ಷವಾದರೂ ನಾಲಿಗೆಗೆ ಮಾತ್ರ ಇನ್ನೂ ವರ್ಗವಾಗಿಲ್ಲ.

ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವವಿದ್ದರೆ ಭಾಷಣ ಮುಗಿಯುವವರೆಗೆ ಹೊರಗಿದ್ದು, ಬಿಸಿಬೇಳೆಬಾತಿನ ಹೊತ್ತಿಗೆ ಸರಿಯಾಗಿ ಒಳಗಿರುತ್ತಾರೆ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ತೀರ್ಪು ಹೊರಬೀಳುತ್ತದೆ: "ಮರಾಠಿ ಮೊಗ್ಗು ಹಾಕಿಲ್ಲ." ಪಕ್ಕದಲ್ಲಿ ಧಾರವಾಡದವರಿದ್ದರೆ ಅಪೀಲು ಕೂಡಲೇ ದಾಖಲಾಗುತ್ತದೆ. "ಖಾರನ ಇಲ್ಲಲ್ರೀ ಇದಕ್ಕ, ಕೂಸಿಗೆ ಮಾಡ್ಯಾರೇನು?" "ಬರೀ ಖಾರ ಬೇಕಾದ್ರೆ ಮೆಣಸಿನಪುಡಿ ತಿನ್ನಿ ಸ್ವಾಮಿ, ಅನ್ನ ಯಾಕೆ ದಂಡ?" ಇಬ್ಬರೂ ರಾಜಿಯಾಗುವುದು ತಮ್ಮನ್ನು 'ಮದ್ರಾಸಿ' ಎನ್ನುವವರನ್ನು ಬೈಯುವಾಗ ಮಾತ್ರ.

ಪಕ್ಕದ ಮನೆಯ ಪಂಜಾಬಿಗೆ ರಾಯರು ಎಷ್ಟೋ ಸಲ ಪಾಠ ಹೇಳಿದ್ದಾರೆ. 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ 'ಸಾಗರ್' ತೆರೆದು ನಿಮಗೆಲ್ಲ ದೋಸೆಯ ಹುಚ್ಚು ಹಿಡಿಸಿದ ಜಯರಾಮ ಬನಾನ್ ಕಾರ್ಕಳದವರು, ಕರ್ನಾಟಕ! "ಹಾಂ ಜೀ, ವಹೀ ತೋ, ಮದ್ರಾಸ್ ಕೇ ಪಾಸ್," ಎನ್ನುತ್ತಾನೆ ಆತ, ಕರಿಬೇವು ಕಿತ್ತುಕೊಳ್ಳುತ್ತಾ. ಕಾರ್ಕಳದ ಸಾಂಬಾರನ್ನು ಮೈಸೂರಿನವರು ಒಪ್ಪುವುದುಂಟೇ ಎಂಬುದು ಮನೆಯೊಳಗಿನ ಜಗಳ. ಪಂಜಾಬಿಯ ಮುಂದೆ ಆಡುವಂಥದ್ದಲ್ಲ.

ಜನವರಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ. ರಾಯರು ಪಾತ್ರೆಗೆ ಮಫ್ಲರ್ ಸುತ್ತಿ, ತಮ್ಮ ರಜಾಯಿ ಹೊದಿಸಿ, ರಾತ್ರಿ ಎದ್ದೆದ್ದು ಮುಚ್ಚಳ ತೆಗೆದು ನೋಡುತ್ತಾರೆ. "ಮಕ್ಕಳಿಗೆ ಜ್ವರ ಬಂದಾಗ ಒಂದು ಸಲ ಎದ್ದಿದ್ರಾ ಹೀಗೆ?" ಎಂದು ಹಾಸಿಗೆಯಿಂದಲೇ ಕೇಳುತ್ತಾರೆ ಅವರ ಶ್ರೀಮತಿ.

ಊರಿನಿಂದ ಮರಳುವಾಗ ವಿಮಾನ ಬೇಡ. ಅದರಲ್ಲಿ ಒಣಕೊಬ್ಬರಿ ಒಯ್ಯಲು ಬಿಡುವುದಿಲ್ಲ; ಎಣ್ಣೆ ಅಂಶ ಹೆಚ್ಚು, ಬೆಂಕಿಯ ಭಯವಂತೆ. ಕೊಬ್ಬರಿಯನ್ನು ಬಿಟ್ಟು ತಾವೊಬ್ಬರೇ ಎರಡೂವರೆ ಗಂಟೆಯಲ್ಲಿ ದೆಹಲಿ ಸೇರಿ ಮಾಡುವುದೇನು? ಹಾಗಾಗಿ ಕರ್ನಾಟಕ ಎಕ್ಸ್‌ಪ್ರೆಸ್. ಅವರ ಬಾಯಲ್ಲಿ ಅದು ಇನ್ನೂ ಕೆ.ಕೆ. ಎಕ್ಸ್‌ಪ್ರೆಸ್ಸೇ. ಎರಡು ರಾತ್ರಿ, ಸುಮಾರು 2,400 ಕಿ.ಮೀ., ಸೀಟಿನಡಿ ತಿಪಟೂರು ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ. ತಲೆದಿಂಬಿನ ಪಕ್ಕದಲ್ಲಿ, ಬಟ್ಟೆ ಸುತ್ತಿದ ಹಳೇ ಹಾರ್ಲಿಕ್ಸ್ ಬಾಟಲಿಯೊಳಗೆ, ತಂಗಿ ಕೊಟ್ಟ ಸಾರಿನಪುಡಿ.

ತಂಗಿಯ ಮನೆಯಲ್ಲಿ ಧನಿಯಾ ಹುರಿಯುವುದು ನಿಂತು ಯಾವುದೋ ಕಾಲವಾಯಿತು. ಅವಳು ಅಂಗಡಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅಣ್ಣನ ಬಾಟಲಿಗೆ ಸುರಿಯುತ್ತಾಳೆ. ಅದೇ ಪ್ಯಾಕೆಟ್ಟು ದೆಹಲಿಯ ಐ.ಎನ್.ಎ. ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಇದು ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತು. ಆದರೆ ರಾಯರು ಮುಚ್ಚಳ ತಿರುಗಿಸಿ, ಮೂಗಿಗೆ ಹಿಡಿದು, "ಅಮ್ಮನ ಕೈ ಹದ ಹಾಗೇ ಬಂದಿದೆ ನೋಡು ಅವಳಿಗೆ," ಎನ್ನುವಾಗ ಯಾರೂ ಪಿಟ್ಟೆನ್ನುವುದಿಲ್ಲ. ಹೇಳಲೂಬಾರದು. ಊರಲ್ಲೇ ಉಳಿದವರು ಪುಡಿ ಬದಲಾಯಿಸಿದರೆ ನಡೆಯುತ್ತದೆ. ಬಿಟ್ಟು ಬಂದವರಿಗೆ ಆ ಸೌಲಭ್ಯವಿಲ್ಲ.

ಇಷ್ಟಾಗಿ, ಮದುವೆ ಮುಂಜಿಗೆಂದು ಮೈಸೂರಿಗೆ ಹೋದರೆ ಮೂರನೇ ದಿನಕ್ಕೇ ರಾಯರಿಗೆ ಚಡಪಡಿಕೆ. ಇಲ್ಲಿನ ಕ್ಯಾರೆಟ್ಟು ಹಲ್ವಕ್ಕೆ ಆಗುವುದಿಲ್ಲ, ಮೂಲಂಗಿ ಪರಾಠಕ್ಕೆ ಬಿಳಿ ಬೆಣ್ಣೆಯಿಲ್ಲ. ಸಂಜೆ ಯಾರಿಗೂ ಹೇಳದೆ ಹೋಟೆಲಿಗೆ ಹೋಗಿ ಛೋಲೆ ಭಟೂರೆ ತರಿಸುತ್ತಾರೆ. ಒಂದು ತುತ್ತು, ಕಣ್ಣು ಮುಚ್ಚುವುದು, ತೀರ್ಪು. "ಇದು ಭಟೂರೆ ಅಲ್ಲಪ್ಪ, ಪೂರಿ. ಛೋಲೆ ಬೇಯಿಸುವಾಗ ಒಣಗಿದ ನೆಲ್ಲಿಕಾಯಿ ಹಾಕ್ಬೇಕು, ಆಗ ಕಪ್ಪು ಬಣ್ಣ ಬರುತ್ತೆ. ನಮ್ಮ ದೆಹಲಿಯಲ್ಲಿ..."

ಮಾಣಿ ನೀರಿನ ಲೋಟ ಇಡುತ್ತಾ ಮೆಚ್ಚಿಕೊಳ್ಳುತ್ತಾನೆ: "ನಾರ್ತ್ ಕಡೆಯೋರಾ ಸಾರ್? ಕನ್ನಡ ಚೆನ್ನಾಗಿ ಕಲ್ತಿದ್ದೀರ."