ಸಂತಪುರೀಯ ದ್ವೀಪಯಾತ್ರಾ ಮೀಮಾಂಸೆ

ಉಷ್ಣವಲಯದ ದ್ವೀಪವೊಂದಕ್ಕೆ ಸಕುಟುಂಬ ಹೋಗಿಬರಬೇಕೆಂಬ ವಾಂಛೆಯು ಔರಾದ ತಾಲೂಕಿನ ಸಂತಪುರದಲ್ಲಿ ಯಾವ ಕಾಲಕ್ಕೆ ಅಂಕುರಿಸುತ್ತದೆ, ಎಲ್ಲಿಯವರೆಗೆ ಬೆಳೆಯುತ್ತದೆ, ಬೆಳೆದರೆ ಅದರ ಖರ್ಚು ಯಾರ ಕೈ ಸೇರಬೇಕು ಎಂಬುದು ಪ್ರಸ್ತುತ ಪ್ರಬಂಧದ ವಿಚಾರ. ಈ ವಿಷಯದ ಮೇಲೆ ಪೂರ್ವಸೂರಿಗಳು ಒಂದಕ್ಷರವನ್ನೂ ಬರೆದಿಲ್ಲ. ಆದ್ದರಿಂದ ಅವರೆಲ್ಲರ ಮತವನ್ನು ಮೊದಲೇ ಖಂಡಿಸಿ ಮುಂದೆ ಹೋಗುತ್ತೇನೆ.

ಮೊದಲು ಕಾಲನಿರ್ಣಯ. ವಾಂಛೆ ಹುಟ್ಟುವುದು ಸೋಯಾ ರಾಶಿ ಮುಗಿದು ಅಡತಿಯಿಂದ ದುಡ್ಡು ಕೈಗೆ ಬಂದ ವಾರದಲ್ಲಿ. ಅದರ ಹಿಂದಿನ ವಾರ ದುಡ್ಡಿರುವುದಿಲ್ಲ. ಮುಂದಿನ ವಾರವೂ ಇರುವುದಿಲ್ಲ. ತೊಗರಿ ಇನ್ನೂ ಹೊಲದಲ್ಲಿ ನಿಂತಿರುತ್ತದೆ, ಎಳ್ಳಮವಾಸಿಯ ಭಜ್ಜಿ-ಅಂಬಲಿಗೆ ಇನ್ನೂ ಸಮಯವಿರುತ್ತದೆ. ಮಳೆಗಾಲವಿಡೀ ಸುಮ್ಮನಿದ್ದ ಮಲ್ಪೆಯ ಪ್ರವಾಸಿ ದೋಣಿಗಳು ಸೇಂಟ್ ಮೇರೀಸ್ ದ್ವೀಪದ ಕಡೆ ಹೊರಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸೋಯಾಬೀನಿಗೂ ಅರಬ್ಬಿ ಸಮುದ್ರಕ್ಕೂ ಇರುವ ಈ ನಂಟನ್ನು ಕೃಷಿ ವಿಜ್ಞಾನಿಗಳು ಯಾಕೆ ಗಮನಿಸಿಲ್ಲವೋ ತಿಳಿಯದು.

ನಮ್ಮ ಮೂಲ ಆಕರ ಬಸ್ ನಿಲ್ದಾಣದೆದುರಿನ ಚಹಾದಂಗಡಿ. ಅಲ್ಲಿ ದಾಖಲಾದ ಸಂವಾದವನ್ನು ಪಾಠಾಂತರವಿಲ್ಲದೆ ಕೊಡುತ್ತೇನೆ.

“ಕಾಕಾ, ಅಂಡಮಾನಕ್ಕ ಹೋಗಾಮೇನ್ರಿ?”

“ಅಲ್ಲಿ ಏನದ?”

“ಸುತ್ತಾಕಡಿ ನೀರೇ ನೀರು ಅದರಿ.”

“ಮತ್ತ ಮಾಂಜ್ರಾದಾಗ ಏನು ಎಣ್ಣಿ ಹರಿಲತ್ತದೇನು?”

ಉಪನಿಷತ್ತಿನಲ್ಲಾಗಿದ್ದರೆ ಶಿಷ್ಯ ಇಲ್ಲಿಗೆ ಸುಮ್ಮನಾಗುತ್ತಿದ್ದ. ಸಂತಪುರದ ಶಿಷ್ಯ ಮೊಬೈಲ್ ತೆಗೆದು ಪ್ಯಾಕೇಜಿನ ದರ ತೋರಿಸುತ್ತಾನೆ. ಇದೇ ಪೂರ್ವಪಕ್ಷ.

ಪೂರ್ವಪಕ್ಷದ ವಾದ ಹೀಗಿದೆ. ಹೈದರಾಬಾದಿನವರೆಗೆ ಬಸ್ಸು, ಅಲ್ಲಿಂದ ವಿಮಾನ. ಇಳಿಯುವ ಊರನ್ನು ಪೋರ್ಟ್ ಬ್ಲೇರ್ ಎನ್ನುತ್ತಿದ್ದರು, 2024ರಿಂದ ಅದು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಗಿದೆ. ಪ್ಲಾನ್ ಮಾಡಿ ಮುಗಿಸುವಷ್ಟರಲ್ಲಿ ಹೋಗುವ ಊರಿನ ಹೆಸರೇ ಬದಲಾಗುವುದು ಸಂತಪುರದ ಯಾತ್ರಿಕರ ನಿಧಾನಕ್ಕೆ ಸಾಕ್ಷಿಯೇ ಹೊರತು ಸರ್ಕಾರದ ಅವಸರಕ್ಕಲ್ಲ. ಇನ್ನು ಲಕ್ಷದ್ವೀಪ. ಮೂವತ್ತಾರು ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ಕಾಲಿಡಲು ಪರವಾನಗಿ ಬೇಕು. ಬಂಗಾರಂ ದ್ವೀಪ ಬಿಟ್ಟರೆ ಬಹುಮಟ್ಟಿಗೆ ಪಾನನಿಷೇಧ ಎಂಬ ಮಾಹಿತಿ ಹೊರಬಿದ್ದೊಡನೆ ಚಹಾದಂಗಡಿಯ ವಿದ್ವತ್ ಸಭೆಯಲ್ಲಿ ಅರ್ಧ ಜನ ಎದ್ದುಹೋದರು. ಕೋರಂ ಇಲ್ಲದೆ ಆ ಪ್ರಸ್ತಾವ ಬಿದ್ದುಹೋಯಿತು.

ಲಕ್ಷದ್ವೀಪವನ್ನು ಅಷ್ಟು ಸುಲಭವಾಗಿ ಬಿಡಬಾರದಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು ಮದ್ರಾಸ್ ಆಡಳಿತದ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನ ಕಲೆಕ್ಟರ್ ಸಾಹೇಬರ ಸುಪರ್ದಿನಲ್ಲಿದ್ದವು. 1956ರ ನವೆಂಬರ್ 1ರಂದು ಆ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಬಂತು, ದ್ವೀಪಗಳು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಅದೇ ದಿನ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡನಾಡಿಗೆ ಸೇರಿದ್ದು ಯಾವುದು? ಬೀದರ್. ಐದು ದ್ವೀಪ ಕೊಟ್ಟು ಒಂದು ಬೀದರ್ ತಗೊಂಡ ಈ ಕೊಡು-ಕೊಳ್ಳುವಿಕೆಯನ್ನು ನಾನು ‘ವಿನಿಮಯವಾದ’ ಎಂದು ಕರೆಯುತ್ತೇನೆ. ಕೊಟ್ಟದ್ದರ ಜಾಗದಲ್ಲಿ ಬಂದದ್ದಕ್ಕೆ ಕೊಟ್ಟದ್ದರ ಗುಣವೂ ಬರಬೇಕೆಂಬುದು ತರ್ಕಶಾಸ್ತ್ರದ ನಿಯಮ. ಇಲ್ಲದಿದ್ದರೆ ಇವತ್ತಿನಿಂದ ನಿಯಮ.

ಆದ್ದರಿಂದ ಸಿದ್ಧಾಂತ: ಔರಾದ ಸೀಮೆಯೇ ಉಷ್ಣವಲಯದ ದ್ವೀಪ. ಉಷ್ಣದ ಬಗ್ಗೆ ತಕರಾರಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು ಇಪ್ಪತ್ಮೂರೂವರೆ ಡಿಗ್ರಿಯಲ್ಲಿ, ನಾವು ಹದಿನೆಂಟರ ಆಸುಪಾಸಿನಲ್ಲಿ. ನಂಬದವರು ಮೇ ತಿಂಗಳ ಮಧ್ಯಾಹ್ನ ಔರಾದ ಬಸ್ಸಿಗೆ ಕಾಯಲಿ. ದ್ವೀಪತ್ವದ ಬಗ್ಗೆ: ಒಂದು ಕಡೆ ತೆಲಂಗಾಣ, ಇನ್ನೆರಡು ಕಡೆ ಮಹಾರಾಷ್ಟ್ರ, ಬೀದರಿನ ಕಡೆ ಹೋಗಬೇಕೆಂದರೆ ಕೌಠಾದ ಹತ್ತಿರ ಮಾಂಜ್ರಾ ನದಿ. ಮೂರು ಕಡೆ ಬೇರೆ ಸರ್ಕಾರ, ನಾಲ್ಕನೆಯ ಕಡೆ ನೀರು. ಬೆಂಗಳೂರಿನ ಕಚೇರಿಗಳಿಂದ ನೋಡಿದರೆ ಲಕ್ಷದ್ವೀಪಕ್ಕಿಂತ ನಾವೇ ದೂರ ಕಾಣುತ್ತೇವೆ ಎಂಬುದು ಹೆಚ್ಚಿನ ಪುರಾವೆ.

ಸೇಂಟ್ ಮೇರೀಸ್ ಪಕ್ಷವನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ಅಲ್ಲಿ ನೋಡುವುದು ಕೋಟಿಗಟ್ಟಲೆ ವರ್ಷಗಳ ಹಿಂದೆ ಲಾವಾ ತಣಿದು ಕಂಬಗಳಾದ ಕಲ್ಲು. ನಮ್ಮ ಕಾಲಡಿಯೂ ಲಾವಾವೇ, ಅದೇ ಸವೆದು ಎರೆಮಣ್ಣಾಗಿ ಸೋಯಾ ಬೆಳೆದದ್ದು. ಲಾವಾದಲ್ಲಿ ಬೆಳೆದದ್ದನ್ನು ಮಾರಿ ಲಾವಾ ನೋಡಲು ಹೋಗುವುದು ಚಕ್ರಕದೋಷ.

ಇನ್ನು ಐತಿಹಾಸಿಕ ಪ್ರಮಾಣ. ಬೀದರಿನಿಂದ ಹೊರಟ ದ್ವೀಪಯಾತ್ರೆಗಳಲ್ಲಿ ಪ್ರಸಿದ್ಧವಾದದ್ದು 1472ರದು: ಬಹಮನಿ ವಜೀರ ಮಹಮೂದ್ ಗವಾನ್ ಗೋವಾ ದ್ವೀಪವನ್ನು ಗೆದ್ದುಕೊಂಡ. ಗೈಡಿನ ಬದಲು ಸೈನ್ಯವನ್ನೇ ಕರಕೊಂಡು ಹೋಗಿದ್ದರಿಂದ ಅದನ್ನು ಮಾದರಿಯಾಗಿ ಶಿಫಾರಸು ಮಾಡಲಾರೆ. ಇದೇ ಗವಾನ್ ಕ್ಯಾಸ್ಪಿಯನ್ ದಡದ ಗಿಲಾನಿನವನು, ಹಡಗಿನಲ್ಲಿ ದಾಭೋಳಕ್ಕೆ ಬಂದಿಳಿದ ವ್ಯಾಪಾರಿ. ಸಮುದ್ರದ ಪಕ್ಕ ಹುಟ್ಟಿದವನು ಸಮುದ್ರ ದಾಟಿ ಬಂದು ನೆಲೆನಿಂತು ಮದ್ರಸಾ ಕಟ್ಟಿಸಿದ್ದು ಬೀದರಿನಲ್ಲಿ. ಅದೇ ಕಾಲಕ್ಕೆ ರಷ್ಯದ ತ್ವೇರ್ ಊರಿನ ಅಫನಾಸಿ ನಿಕಿಟಿನ್ ಎಂಬ ವ್ಯಾಪಾರಿ ಚೌಲಿನಲ್ಲಿ ಇಳಿದು, ಮಾರಬೇಕೆಂದು ತಂದ ಒಂದೇ ಕುದುರೆಯನ್ನು ಹೊಡೆದುಕೊಂಡು ಇಲ್ಲಿಗೆ ಬಂದ. ಹೋಗಿಬರುವ ಹಾದಿಯಲ್ಲಿ ಮೂರು ಸಮುದ್ರ ದಾಟಿದ್ದಾಗಿ ಅವನ ಪ್ರವಾಸಕಥನದ ಹೆಸರೇ ಹೇಳುತ್ತದೆ. ಸಮುದ್ರ ದಾಟಿ ತಲುಪಬೇಕಾದದ್ದು ದ್ವೀಪವಲ್ಲದೆ ಮತ್ತೇನು?

ನಿಕಿಟಿನ್‌ನ ಬರವಣಿಗೆಯಲ್ಲಿ ಪ್ರಬಂಧಕ್ಕೆ ಬೇಕಾದ ಇನ್ನೊಂದು ವಿವರವಿದೆ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ಒಳಹೋದವರನ್ನೂ ಹೊರಬಂದವರನ್ನೂ ಬರೆದಿಡುವ ನೂರು ಕರಣಿಕರು, ಪರದೇಶಿಗಳಿಗೆ ಪ್ರವೇಶವಿಲ್ಲ. ಅಷ್ಟು ದೂರದಿಂದ ಬಂದವನು ಅರಮನೆಯನ್ನು ಹೊರಗಿನಿಂದ ನೋಡಿ ಹೋದ. ಇವತ್ತು ಕರಣಿಕರಿಲ್ಲ, ಕಾವಲು ಸಡಿಲ, ಕೋಟೆಯ ಬಾಗಿಲು ತೆರೆದೇ ಇದೆ. ಆದರೂ ನಮ್ಮ ಜನ ನಿಕಿಟಿನ್‌ನಂತೆಯೇ ಹೊರಗಿನಿಂದ ನೋಡಿ ಬರುತ್ತಾರೆ. ಕಾರಣ, ಬಾಗಿಲಲ್ಲಿ ಗೈಡ್ ಕೇಳಿದಾಗ “ನಮ್ಮೂರೇ ಅದರಿ, ನಮಗ ಗೊತ್ತದ” ಎಂದು ಮುಂದೆ ಹೋಗುವುದು.

ಏನು ಗೊತ್ತಿದೆ? ಕೋಟೆಯೊಳಗಿನ ರಂಗೀನ್ ಮಹಲಿನ ಉದಾಹರಣೆ ಸಾಕು. ಗೊತ್ತಿದ್ದವರು ಅಲ್ಲಿ ಕಪ್ಪು ಕಲ್ಲಿನ ಬಾಗಿಲುವಾಡ ನೋಡಿ, ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಗೈಡ್ ಬಂದರೆ ಟಾರ್ಚ್ ಹಚ್ಚುತ್ತಾರೆ. ಕಲ್ಲಿಗೆ ನೇರ ಹಿಡಿಯುವುದಿಲ್ಲ, ಗೋಡೆಗೆ ಹತ್ತಿಸಿ ಓರೆಯಾಗಿ ಹಿಡಿದು ಮೆಲ್ಲಗೆ ಮೇಲಕ್ಕೆ ಸರಿಸುತ್ತಾರೆ. ಆಗ ಕಲ್ಲಿನ ಕೊರೆತದೊಳಗೆ ಕೂಡಿಸಿದ ಬಳ್ಳಿ, ಎಲೆ, ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಒಂದು ಚೂರು ಗುಲಾಬಿ, ಟಾರ್ಚ್ ಬೆರಳಷ್ಟು ಸರಿದರೆ ಅದೇ ಚೂರು ತಿಳಿಹಸಿರು. ಮುತ್ತಿನ ಚಿಪ್ಪು. ಸಮುದ್ರದ ತಳದಿಂದ ಬಂದ ಸರಕು ಸಂತಪುರದಿಂದ ಒಂದು ಬಸ್ಸಿನ ದೂರದಲ್ಲಿ ನೂರಾರು ವರ್ಷಗಳಿಂದ ಗೋಡೆಯಲ್ಲಿ ಕೂತಿದೆ. ಅದನ್ನು ನೋಡಲು ನೀರಿಗಿಳಿಯಬೇಕಾಗಿಲ್ಲ, ಟಾರ್ಚ್ ಹೇಗೆ ಹಿಡಿಯಬೇಕೆಂದು ಬಲ್ಲವರೊಬ್ಬರು ಬೇಕು.

ನೀರಿಗೇ ಇಳಿಯಬೇಕು ಎನ್ನುವವರಿಗೆ ಬೀದರಿನಲ್ಲೇ ಝರಣಿ ನರಸಿಂಹನ ಗವಿ ಇದೆ. ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿ, ಹೆಗಲ ಮೇಲೆ ಮಗು, ಕೊನೆಯಲ್ಲಿ ದೇವರು. ಅಂಡಮಾನಿನಲ್ಲಿ ಸಾವಿರಗಟ್ಟಲೆ ಕೊಟ್ಟು ಮುಳುಗಿದರೂ ಕೊನೆಯಲ್ಲಿ ಸಿಗುವುದು ಮೀನು.

ಈಗ ಆಕ್ಷೇಪಗಳು. ಗೈಡ್‌ಗಳು ಸುಳ್ಳು ಸುರಂಗದ ಕಥೆ ಹೇಳುತ್ತಾರೆ ಎಂಬುದು ಮೊದಲನೆಯದು. ಬೇರೆ ಕೋಟೆಗಳ ಬಗ್ಗೆ ಒಪ್ಪಿದೆ. ಬೀದರಿನಲ್ಲಿ ನೌಬಾದದ ಹತ್ತಿರ ನೆಲದಡಿ ಸುರಂಗ ನಿಜವಾಗಿಯೇ ಇದೆ, ಬಹಮನಿ ಕಾಲದ ಕರೇಜ್, ನೀರು ಹರಿಸಲು ಜಂಬಿಟ್ಟಿಗೆ ಕೊರೆದದ್ದು. ಬಿದ್ರಿ ಅಂಗಡಿಗೆ ಕರಕೊಂಡು ಹೋಗಿ ಕಮಿಷನ್ ತಿನ್ನುತ್ತಾರೆ ಎಂಬುದು ಎರಡನೆಯದು. ತಿನ್ನಲಿ. ಪ್ಯಾಕೇಜ್ ಮಾರುವ ಆ್ಯಪ್ ಕೂಡ ತಿನ್ನುತ್ತದೆ, ಆದರೆ ಅದು ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುವ ಕುಶಲಕರ್ಮಿಯ ಎದುರು ನಿಮ್ಮನ್ನು ಕೂಡಿಸುವುದಿಲ್ಲ. ಆ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರು ತಾಗಿದೊಡನೆ ಸತುವಿನ ಹೂಜಿ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ನೋಡಿದ ಮೇಲೆ ಕಮಿಷನ್ ಲೆಕ್ಕ ಹಾಕುವವರೊಂದಿಗೆ ಈ ಪ್ರಬಂಧಕಾರ ವಾದಕ್ಕೆ ಇಳಿಯುವುದಿಲ್ಲ. ಮೂರನೆಯ ಆಕ್ಷೇಪ, ಅದೇ ಗಟ್ಟಿಯಾದದ್ದು: ಹಾಗಾದರೆ ಅಂಡಮಾನಕ್ಕೆ ಹೋಗಲೇಬಾರದೇ?

ಹೋಗಬಹುದು. ವಿನಿಮಯವಾದಕ್ಕೆ ಅದರಿಂದ ಚ್ಯುತಿಯಿಲ್ಲ. ಅಲ್ಲಿಯೂ ಊರಿನ ಗೈಡನ್ನೇ ಹಿಡಿಯಬೇಕು. 1906ರಲ್ಲಿ ಮುಗಿದ ಸೆಲ್ಯುಲರ್ ಜೈಲಿನ ಏಳು ರೆಕ್ಕೆಗಳಲ್ಲಿ ಉಳಿದಿರುವುದು ಮೂರು. ಹೇಳುವವರಿಲ್ಲದೆ ನೋಡಿದರೆ ಅದು ಬರೀ ಸಾಲು ಕೋಣೆ. ಅಲ್ಲಿಯ ಗೈಡಿಗೆ ಚೌಕಾಸಿಯಿಲ್ಲದೆ ಕೊಟ್ಟು ಬಂದವರು ಬೀದರಿನ ಗೈಡಿನ ಜೊತೆ ಐವತ್ತು ರೂಪಾಯಿಗೆ ಜಗ್ಗಾಡುವುದನ್ನು ಮಾತ್ರ ಯಾವ ಶಾಸ್ತ್ರವೂ ಸಮರ್ಥಿಸುವುದಿಲ್ಲ.

ಆದ್ದರಿಂದ ಓದುಗರಲ್ಲಿ ಅರಿಕೆ. ಟಿಕೆಟ್ ಬುಕ್ ಮಾಡುವ ಮೊದಲು ಒಂದು ದಿನ ಕೋಟೆಗೆ ಬನ್ನಿ. ಮಧ್ಯಾಹ್ನ ಕಲ್ಲು ಕಾಯುತ್ತದೆ, ಬೆಳಗ್ಗೆಯೇ ಬನ್ನಿ. ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ತೆರೆಯಲು ಕೇಳಿ. ಗೈಡಿನ ದರ ಮೊದಲೇ ಮಾತಾಡಿಕೊಳ್ಳಿ, ಮಾತಾಡಿದಷ್ಟನ್ನು ಪೂರ್ತಿ ಕೊಡಿ, ಚಹಾದ ದುಡ್ಡು ಬೇರೆ.