ಅಂಗೈ ಊರುವ ಜಾಗ

ಅಕ್ಕಾ, ಆ ಹುಣಸೆಹಣ್ಣಿನ ಉಂಡೆ ಮೊದಲು ಕೆಳಗಿಡಿ. ದೀಪ ತಿಕ್ಕೋದಕ್ಕಾದರೆ ಸರಿ, ಲ್ಯಾಪ್‌ಟಾಪ್ ತಿಕ್ಕೋದಕ್ಕೆ ಖಂಡಿತ ಬೇಡ.

“ಮತ್ತೇನು ಮಾಡ್ಲಿ ಮೇಷ್ಟ್ರೇ? ಮಗ ಮನೇಲೇ ಕೂತು ಕೆಲಸ ಮಾಡ್ತಾನೆ, ದಿನಾ ಇದೇ ಕಣ್ಣಿಗೆ ಬೀಳುತ್ತೆ. ತಂದಾಗ ಪಳಪಳ ಅಂತಿತ್ತು. ಈಗ ನೋಡಿ, ಅಂಗೈ ಊರೋ ಎರಡೂ ಕಡೆ ಕಪ್ಪಿಟ್ಟಿದೆ, ಅಲ್ಲಲ್ಲಿ ಬಿಳಿ ಚುಕ್ಕೆ ಬೇರೆ. ಹೊಸದು ತಗೋತೀನಿ ಅಂತಿದಾನೆ. ಅದಕ್ಕೂ ಮೊದಲು ನಾನೇ ಒಂದು ಕೈ ನೋಡೋಣ ಅಂತ.”

ನೋಡೋಣ, ಆದರೆ ಹುಳಿ ಹಚ್ಚಿ ಅಲ್ಲ. ಹಿತ್ತಾಳೆಯ ಲೆಕ್ಕವೇ ಬೇರೆ ಅಕ್ಕಾ. ಹಿತ್ತಾಳೆ ದೀಪ ಮೇಲಿಂದ ಒಳಗಿನವರೆಗೂ ಹಿತ್ತಾಳೆಯೇ. ಕಿಲುಬು ಹಿಡಿದರೆ ಹುಳಿಯಲ್ಲಿ ಕಿಲುಬು ಕರಗಿ ಅಡಿಯ ಹೊಳಪು ಮೇಲೆ ಬರುತ್ತೆ. ಈ ಯಂತ್ರದ ಮೈ ಅಲ್ಯುಮಿನಿಯಂ. ಅದು ಗಾಳಿಗೆ ತಾಗಿದ ಕೂಡಲೇ ತನ್ನ ಮೇಲೆ ತಾನೇ ಒಂದು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತೆ, ಕೆಲವೇ ನ್ಯಾನೊಮೀಟರ್ ದಪ್ಪದ್ದು. ಅಷ್ಟು ಸಾಲದು ಅಂತ ಕಾರ್ಖಾನೆಯಲ್ಲಿ ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಆ ಪದರವನ್ನ ಇನ್ನಷ್ಟು ಬೆಳೆಸ್ತಾರೆ. ಆನೋಡೈಸಿಂಗ್ ಅನ್ನೋದು ಇದಕ್ಕೇ. ಹೀಗೆ ಬೆಳೆಸಿದ ಮೇಲೂ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು, ತಲೆಗೂದಲಿಗಿಂತ ತೆಳು. ನಿಮ್ಮ ಮಗನ ಯಂತ್ರದ ಆ ಬೂದು ಬಣ್ಣ, ಆ ನುಣುಪು, ಎಲ್ಲಾ ಇರೋದು ಈ ಪದರದಲ್ಲೇ.

ನಿಮ್ಮ ಅತ್ತೆಯವರ ಕಾಲದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಿದ್ರಲ್ಲ, ಅದನ್ನ ನೆನಪು ಮಾಡಿಕೊಳ್ಳಿ. ಕಲಾಯಿ ಮೇಲೆ ಯಾರಾದರೂ ಮರಳು ಹಾಕಿ ತಿಕ್ಕಿದ್ದರೆ ಅವರು ಸುಮ್ಮನಿರ್ತಿದ್ರಾ? ಇದನ್ನೂ ಹಾಗೇ ಕಾಯಬೇಕು. ಆದರೆ ಕಲಾಯಿ ಹೋದರೆ ಕಲಾಯಿಯವನು ಅಂಗಳದಲ್ಲೇ ಇದ್ದಿಲು ಒಲೆ ಹೂಡಿ, ನವಸಾಗರ ಉದುರಿಸಿ, ತವರ ಕರಗಿಸಿ ಮತ್ತೆ ಬಳಿದು ಕೊಡ್ತಿದ್ದ. ತವರ 232 ಡಿಗ್ರಿಗೇ ಕರಗುತ್ತೆ. ಈ ಪದರ ಹೋದರೆ ಅಂಗಳದಲ್ಲಿ ಯಾರೂ ಹಾಕಿಕೊಡೋಕಾಗಲ್ಲ. ಯಂತ್ರ ಪೂರಾ ಬಿಚ್ಚಿ, ಆಮ್ಲದ ತೊಟ್ಟಿಗೆ ಕಳಿಸಬೇಕು. ಅದಕ್ಕೇ ಇರೋದನ್ನ ಉಳಿಸಿಕೊಳ್ಳಿ ಅನ್ನೋದು.

“ಹುಣಸೆ ಬೇಡ ಅಂದ್ರೆ ಬೂದಿಯಲ್ಲಿ ಮೆಲ್ಲಗೆ ಉಜ್ಜಲಾ?”

ಅದೂ ಬೇಡ. ಈ ಆಕ್ಸೈಡಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ಪಿಎಚ್ 4ರಿಂದ 9ರ ಒಳಗಿದ್ದರೆ ನೆಮ್ಮದಿ, ಆಚೀಚೆ ಹೋದರೆ ಕರಗೋಕೆ ಶುರು. ಹುಣಸೆ, ನಿಂಬೆ, ವಾಟೆಹುಳಿ ಆ ಕಡೆಯ ಶತ್ರುಗಳು; ಒಲೆಬೂದಿ, ಬಟ್ಟೆ ಸೋಪಿನ ಪುಡಿ ಈ ಕಡೆಯವು. ಬ್ಲೀಚಿಂಗ್ ಪುಡಿಯಂತೂ ಹತ್ತಿರ ತರಬೇಡಿ. ಹಲ್ಲುಪುಡಿ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ತಂತಿನಾರು ಇವೆಲ್ಲ ಗೀರು ಹಾಕ್ತವೆ. ಗೀರಿನೊಳಗೆ ನಾಳೆ ಕೊಳೆ ಕೂತು ಇವತ್ತಿಗಿಂತ ಕಪ್ಪಾಗುತ್ತೆ.

ಮೊದಲು ಇದು ಯಾವ ಕಲೆ ಅಂತ ಗೊತ್ತು ಮಾಡಿಕೊಳ್ಳೋಣ. ಚಾರ್ಜರ್ ತೆಗೆಸಿ, ಪೂರ್ತಿ ಆಫ್ ಮಾಡಿಸಿ, ಹಳೆ ಪಂಚೆಯ ಮೆತ್ತನೆ ತುಂಡನ್ನ ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬರೀ ಕೊಳೆ: ಚರ್ಮದ ಜಿಡ್ಡು, ಸತ್ತ ಚರ್ಮದ ಪುಡಿ, ಧೂಳು. ಖುಷಿಪಡಿ. ಬಟ್ಟೆ ಶುಭ್ರವಾಗೇ ಇದ್ದು, ಕಲೆಯ ಮೇಲೆ ಉಗುರು ಆಡಿಸಿದಾಗ ನುಣ್ಣಗೆ ಜಾರಿದರೆ ಪದರಕ್ಕೆ ಬಣ್ಣ ಇಳಿದಿದೆ, ಇಲ್ಲವೇ ಪದರ ಸವೆದು ತೆಳುವಾಗಿದೆ ಅಂತ ಅರ್ಥ. ಉಗುರಿಗೆ ಸಣ್ಣ ಮೆಟ್ಟಿಲು ಸಿಕ್ಕರೆ ಅದು ಮೇಲೆ ಬಳಿದ ಪೇಂಟ್ ಎದ್ದಿರೋದು. ಕೆಲವು ಯಂತ್ರಗಳಲ್ಲಿ ಲೋಹದ ಮೇಲೆ ಬಣ್ಣ ಬಳಿದಿರ್ತಾರೆ. ನಿಮ್ಮ ಈ ಬಿಳಿ ಚುಕ್ಕೆಗಳ ಹಾಗೆ ಒರಟೊರಟಾಗಿ, ಗುಳಿ ಗುಳಿಯಾಗಿ ತಾಗಿದರೆ ಲೋಹವೇ ತಿಂದುಹೋಗಿದೆ.

“ಅಲ್ಯುಮಿನಿಯಂ ತುಕ್ಕು ಹಿಡಿಯಲ್ಲ ಅಂತಾರಲ್ಲ?”

ಕಬ್ಬಿಣದ ಹಾಗೆ ಕೆಂಪು ತುಕ್ಕು ಬರಲ್ಲ, ಅಷ್ಟು ನಿಜ. ಬೆವರಲ್ಲಿ ಉಪ್ಪಿದೆ, ಲ್ಯಾಕ್ಟಿಕ್ ಆಮ್ಲ ಇದೆ, ಯೂರಿಯಾ ಇದೆ. ಉಪ್ಪಿನ ಕ್ಲೋರೈಡ್ ಗೀರು ಬಿದ್ದ ಜಾಗ ಹುಡುಕಿ ಒಳಗಿಳಿಯುತ್ತೆ, ಅಲ್ಲೇ ಗುಳಿ ಕೊರೆಯುತ್ತೆ. ಬಿಳಿ ಪುಡಿಯಾಗಿ ಕಾಣೋದು ಅಲ್ಯುಮಿನಿಯಂನದೇ ಹೈಡ್ರಾಕ್ಸೈಡ್. ಅದು ಕೈಗೆ ತಾಗಿದರೆ ಅಪಾಯವಿಲ್ಲ, ಆದರೆ ಆ ಗುಳಿ ಮತ್ತೆ ತುಂಬಲ್ಲ. ಎಲ್ಲರ ಬೆವರೂ ಒಂದೇ ಥರ ಇರಲ್ಲ. ಒಂದೇ ಮನೆಯಲ್ಲಿ ಒಬ್ಬರ ಯಂತ್ರ ಹಾಗೇ ಇದ್ದು ಇನ್ನೊಬ್ಬರದು ಚುಕ್ಕೆ ಬೀಳೋದುಂಟು.

“ಶಿಕಾರಿಪುರದ ಮಗಳ ಲ್ಯಾಪ್‌ಟಾಪ್ ಇದಕ್ಕಿಂತ ಹಳೇದು. ಅದಕ್ಕೆ ಹೀಗೇನೂ ಆಗಿಲ್ಲ ಮೇಷ್ಟ್ರೇ.”

ಅವಳದು ಪ್ಲಾಸ್ಟಿಕ್ ಮೈ ಅಕ್ಕಾ, ಹೋದ ಸಲ ತಂದಾಗ ನೋಡಿದೀನಿ. ಪ್ಲಾಸ್ಟಿಕ್ಕನ್ನ ಉಪ್ಪು ತಿನ್ನಲ್ಲ, ಜಿಡ್ಡಿಗೆ ಮಿರಮಿರ ಅನ್ನುತ್ತೆ ಅಷ್ಟೆ. ಹಾಗಂತ ಪ್ಲಾಸ್ಟಿಕ್ಕಿಗೆ ಕಲೆಯೇ ಇಲ್ಲ ಅಂತಲ್ಲ. ಆಪಲ್ ಕಂಪನಿಯ 2006ರ ಬಿಳಿ ಮ್ಯಾಕ್‌ಬುಕ್‌ಗಳಲ್ಲಿ ಅಂಗೈ ಊರೋ ಜಾಗ ಹಳದಿಗೆ ತಿರುಗಿ, ಕಂಪನಿಯೇ ಆ ಭಾಗ ಬದಲಿಸಿ ಕೊಡಬೇಕಾಯ್ತು. ಅದಕ್ಕೂ ಮುಂಚೆ 2001ರ ಟೈಟಾನಿಯಂ ಪವರ್‌ಬುಕ್‌ನಲ್ಲಿ ಮೇಲಿನ ಬಣ್ಣವೇ ಚಕ್ಕೆ ಏಳ್ತಿತ್ತು. ದುಬಾರಿ ಯಂತ್ರವೂ ಬೆವರಿಗೆ ಮಣಿಯುತ್ತೆ. ಮಗ ಕಾಳಜಿ ಮಾಡಲಿಲ್ಲ ಅಂತ ಅವನನ್ನ ಬೈಬೇಡಿ.

ಹವೆಯದೂ ಪಾಲಿದೆ. ಶಿರಾಳಕೊಪ್ಪ ದಾಟಿ ಶಿಕಾರಿಪುರದ ಕಡೆ ಹೋದಷ್ಟೂ ಮಳೆ ಕಡಿಮೆ, ಮೆಕ್ಕೆಜೋಳದ ಬಯಲು. ನಮ್ಮ ಚಂದ್ರಗುತ್ತಿ ಮಗ್ಗುಲಲ್ಲಿ ಮಳೆಗಾಲ ಹಿಡಿದರೆ ಗೋಡೆಯಲ್ಲೇ ನೀರು ಒಸರುತ್ತೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ. ಬೆವರಿನ ಉಪ್ಪು ಒಣಗಿದರೆ ಸುಮ್ಮನೆ ಕೂರುತ್ತೆ, ತೇವ ಇದ್ದರೆ ಕೆಲಸ ಮಾಡ್ತಾನೇ ಇರುತ್ತೆ. ರಾತ್ರಿ ಕೆಲಸ ಮುಗಿಸಿ, ಒರೆಸದೆ, ಮುಚ್ಚಿ, ಬ್ಯಾಗಿಗೆ ತುರುಕಿದರೆ ಬೆಳಗಿನ ತನಕ ಆ ಉಪ್ಪಿಗೆ ಬಿಡುವಿಲ್ಲ.

ಇನ್ನೊಂದು ಕೇಳ್ತೀನಿ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮಗನೂ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂರ್ತಾನಲ್ಲವಾ?

“ಕೂರ್ತಾನೆ. ಆಳು ಎಲ್ಲಿ ಸಿಗ್ತಾರೆ? ಸಂಜೆ ಒಂದಿಷ್ಟು ಸುಲಿದು ಎದ್ದು ಹೋಗಿ ಮೀಟಿಂಗಿಗೆ ಕೂರ್ತಾನೆ.”

ನೋಡಿ, ಕಪ್ಪಿನ ಒಂದು ಮೂಲ ಅಲ್ಲೂ ಇದ್ದೀತು. ಹಸಿ ಅಡಿಕೆಯ ರಸದ ಟ್ಯಾನಿನ್ ಕತ್ತಿಯ ಕಬ್ಬಿಣಕ್ಕೆ ತಾಗಿದರೆ ಕಪ್ಪು ಬಣ್ಣ ಹುಟ್ಟುತ್ತೆ. ಅದಕ್ಕೇ ಸುಗ್ಗಿ ಮುಗಿಯೋವರೆಗೆ ನಮ್ಮ ಕೈಯೆಲ್ಲ ಕರಿ. ಅಡಿಕೆ ಬೇಯಿಸಿ ಉಳಿದ ನೀರು, ಆ ಚೊಗರು, ಎಂಥ ಬಣ್ಣ ಅಂತ ಕೇಳೋದೇ ಬೇಡ. ಹೆಗ್ಗೋಡಿನ ಚರಕದವರು ಅದರಲ್ಲೇ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕ್ತಾರೆ. ಆನೋಡೈಸ್ ಪದರದಲ್ಲಿ ಹುಟ್ಟಾ ಸೂಕ್ಷ್ಮ ರಂಧ್ರಗಳಿರ್ತವೆ. ಕಾರ್ಖಾನೆಯಲ್ಲಿ ಅದಕ್ಕೇ ಬಣ್ಣ ತುಂಬಿಸಿ, ಆಮೇಲೆ ಬಿಸಿನೀರಲ್ಲಿ ರಂಧ್ರ ಮುಚ್ಚಿಸ್ತಾರೆ. ಸವೆದ ಕಡೆ, ಗೀರಿದ ಕಡೆ ಹೊರಗಿನ ಬಣ್ಣಕ್ಕೆ ಕೂರೋಕೆ ಜಾಗ ಸಿಗುತ್ತೆ. ಆದ್ದರಿಂದ ಅಡಿಕೆ ಸುಲಿದ ಕೈ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೇ ಕೀಲಿಮಣೆ ಮುಟ್ಟಬೇಕು ಅಂತ ಹೇಳಿ. ವಾಚಿನ ಲೋಹದ ಪಟ್ಟಿ ಬಿಚ್ಚಿಡಲಿ. ಮಗಳಿಗೂ ಹೇಳಿ, ಬಳೆ ಅಂಚಿಗೆ ಉಜ್ಜದ ಹಾಗೆ ಮೇಲೆ ಸರಿಸಿಕೊಳ್ಳಲಿ. ಸವೆತ ಶುರುವಾಗೋದು ಆ ಮುಂದಿನ ಅಂಚಲ್ಲೇ.

ಈಗ ಶುಚಿ ಮಾಡೋ ಕ್ರಮ ಹೇಳ್ತೀನಿ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯೋ ದ್ರವ ಒಂದು ಹನಿ. ಬಟ್ಟೆ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ಮೆಲ್ಲಗೆ ಒರೆಸಿ. ನೀರನ್ನ ಯಂತ್ರದ ಮೇಲೆ ಯಾವತ್ತೂ ಸುರಿಯಬಾರದು. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಜಿಡ್ಡು ಇನ್ನೂ ಉಳಿದಿದ್ದರೆ ಮೆಡಿಕಲ್ ಶಾಪಲ್ಲಿ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ. ಹತ್ತಿಗೆ ಸ್ವಲ್ಪ ತಾಗಿಸಿ ಒರೆಸಿದರೆ ಸಾಕು. ಪೇಂಟ್ ಹೊಡೆದ ಮೈಯಾದರೆ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಉಗುರುಬಣ್ಣ ತೆಗೆಯೋ ದ್ರವ ಬೇಡ, ಅದು ಪೇಂಟನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತೆ.

ಇಷ್ಟಾದ ಮೇಲೂ ಉಳಿದ ಕಲೆ ಉಳಿಯಲಿ. ಕಣ್ಣಿಗೆ ಸಹಿಸದಿದ್ದರೆ ಅಂಗೈ ಜಾಗಕ್ಕೆ ಅಂಟಿಸೋ ವಿನೈಲ್ ಹಾಳೆ ಸಿಗುತ್ತೆ. ಉಪ್ಪು, ತೇವ ಎರಡೂ ಪೂರ್ತಿ ಹೋದ ಮೇಲೆ, ಬಿಸಿಲಿರೋ ಒಣ ದಿನ ನೋಡಿ ಅಂಟಿಸಲಿ. ತೇವದ ಮೇಲೆ ಅಂಟಿಸಿದರೆ ಒಳಗೊಳಗೇ ತಿನ್ನುತ್ತೆ.

“ಆ ಭಾಗ ಒಂದನ್ನೇ ಬದಲಿಸೋಕೆ ಆಗಲ್ವಾ?”

ಆಗುತ್ತೆ. ಆದರೆ ಹೆಚ್ಚಿನ ಯಂತ್ರಗಳಲ್ಲಿ ಅದು ಬಿಡಿ ತುಂಡಲ್ಲ, ಮೇಲ್ಭಾಗ ಪೂರ್ತಿ ಒಂದೇ. ಕೆಲವದರಲ್ಲಿ ಕೀಲಿಮಣೆ, ಬ್ಯಾಟರಿ ಎಲ್ಲಾ ಅದಕ್ಕೇ ಅಂಟಿರ್ತವೆ. ಬರೀ ಅಂದಕ್ಕೆ ಅಷ್ಟು ದುಡ್ಡು ಹಾಕೋದು ನನ್ನ ಮನಸ್ಸಿಗೆ ಒಪ್ಪಲ್ಲ. ಹೊಸದು ತರೋದಂತೂ ಇನ್ನೂ ಒಪ್ಪಲ್ಲ. ಅದುರಿನಿಂದ ಒಂದು ಕಿಲೋ ಅಲ್ಯುಮಿನಿಯಂ ತೆಗೆಯೋಕೆ ಸುಮಾರು 14 ಯೂನಿಟ್ ಕರೆಂಟ್ ಬೇಕು. ಕರೆಂಟಿನ ಬೆಲೆ ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಪಕ್ಕದ ಸಾಗರ, ಹೊಸನಗರದ ಊರುಗಳು ಗದ್ದೆ-ತೋಟ ಸಮೇತ ನೀರಡಿ ಹೋದವು. ಅಷ್ಟು ತ್ಯಾಗದ ಮೇಲೆ ಬರೋ ಕರೆಂಟನ್ನ ಇಷ್ಟು ನುಂಗೋ ಇಂಥ ಲೋಹವನ್ನ ಒಂದು ಕಲೆಗೋಸ್ಕರ ಮೂಲೆಗೆ ಎಸೆಯೋದು ನ್ಯಾಯವಲ್ಲ. ನಿಜವಾಗಿ ಕೆಟ್ಟ ದಿನ ಗುಜರಿಗೆ ಕೊಡಿ. ಕರಗಿಸಿ ಮತ್ತೆ ಬಳಸೋದಕ್ಕೆ, ಅದುರಿನಿಂದ ತೆಗೆಯೋಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಐದರಷ್ಟು ಸಾಕು.

“ಅಂದ್ರೆ ಹೊಸದು ಬೇಡ, ತಿಕ್ಕೋದೂ ಬೇಡ.”

ಹೌದು, ದಿನಾ ಒರೆಸಿದರೆ ಸಾಕು. ಆದರೆ ಒಂದನ್ನ ಮಾತ್ರ ಇವತ್ತೇ ನೋಡಬೇಕು. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅಂಗೈ ಊರೋ ಜಾಗದ ಸರಿ ಕೆಳಗೇ ಬ್ಯಾಟರಿ ಇರೋದು. ಮೇಜಿನ ಮೇಲಿಟ್ಟು ಬದಿಯಿಂದ ನೋಡಿ: ಅಲ್ಲಿ ಉಬ್ಬಿದೆಯಾ, ಟಚ್‌ಪ್ಯಾಡ್ ಮೇಲೆದ್ದಿದೆಯಾ, ಮುಚ್ಚಿದರೆ ಸಂದು ಉಳಿಯುತ್ತಾ, ನಾಲ್ಕು ಕಾಲೂ ಊರದೆ ಅಲ್ಲಾಡುತ್ತಾ ಅಂತ. ಇವುಗಳಲ್ಲಿ ಒಂದು ಕಂಡರೂ ಬ್ಯಾಟರಿ ಒಳಗೆ ಅನಿಲ ತುಂಬಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ, ರಿಪೇರಿಯವರ ಹತ್ತಿರ ಒಯ್ಯಲಿ. ಅದು ಹೊತ್ತಿಕೊಳ್ಳೋ ವಸ್ತು. ಹೊಸದಕ್ಕೆ ಅಂತ ಮಗ ಎತ್ತಿಟ್ಟ ದುಡ್ಡು ಬ್ಯಾಟರಿಗೆ ಹೋದರೆ ಹೋಗಲಿ, ಅದು ಸರಿಯಾದ ಖರ್ಚು. ಕಲೆಗೆ ಅವಸರವಿಲ್ಲ ಅಕ್ಕಾ, ಉಬ್ಬಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಅವನನ್ನ ಎಬ್ಬಿಸಿ, ಈಗಲೇ ನೋಡಿಬಿಡೋಣ.